ಸುಮ್ಮನಿರುವವರ ಗುಂಪು

ತೊಂದರೆ ಶುರುವಾದದ್ದು ಎರಡು ಬೆರಳಗಲದ ಒಂದು ಪಟ್ಟಿಯಿಂದ. ಬೆಳಿಗ್ಗೆ ಆರು ಗಂಟೆಗೆ ಪ್ರಯೋಗಾಲಯದ ನರ್ಸಮ್ಮ ಮನೆಗೇ ಬಂದು, ಕುರ್ಚಿರಾಯರ ಬಲಗಾಲಿಗೆ, ಗೆಜ್ಜೆ ಕಟ್ಟುವ ಜಾಗದಲ್ಲಿ ಅದನ್ನು ಬಿಗಿದು, ಕಳಚಲಾಗದ ಹಾಗೆ ಕೊಂಡಿ ಹಾಕಿ ಹೋದಳು. ಪಟ್ಟಿಯ ಮೇಲೆ ಪುಟ್ಟದೊಂದು ಗಾಜಿನ ಕಿಂಡಿ, ಅದರೊಳಗೆ ಅಂಕಿ. ಬಲಗಾಲು ನೆಲಕ್ಕೆ ಬಿದ್ದಾಗಲೆಲ್ಲ ಅಂಕಿ ಒಂದು ಏರುತ್ತದೆ. ಸಂಜೆ ನಾಲ್ಕಕ್ಕೆ ಪ್ರಯೋಗಾಲಯಕ್ಕೆ ಬಂದು ನಿಂತಾಗ ಅದು ಸಾವಿರ ದಾಟಿರಬಾರದು. ದಾಟಿತೋ, ಕುರ್ಚಿರಾಯರ ಹೆಸರಿಗೆ ಅಡ್ಡಗೀಟು.

ಸಾವಿರವೇನು ಮಹಾ, ಎಂದುಕೊಂಡರು ಅವರು. ಸುಮ್ಮನೆ ಕೂರುವ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅಂಗಡಿಯವರು ತರುವ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಗುಮಾಸ್ತಿಕೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದರು. ಮೇಜಿನ ಮೇಲಿನ ಕಲ್ಲು ಯಾವುದು, ಹಿಂದೆ ಕೂತ ಗುಮಾಸ್ತರು ಯಾರು ಎಂದು ತಿಳಿಯಲು ಹೊಸಬರಿಗೆ ಕೊಂಚ ಹೊತ್ತು ಹಿಡಿಯುತ್ತಿತ್ತು. ಕುರ್ಚಿರಾಯ ಎಂಬುದು ಕಚೇರಿ ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದೊಳಗೆ ಸುಖವಾಗಿ ಮಲಗಿತ್ತು.

ಅವರನ್ನು ಈ ಸಂಶೋಧನೆಗೆ ಸೇರಿಸಿದ್ದು ಹೆಂಡತಿ. ವೈದ್ಯಕೀಯ ಕಾಲೇಜಿನ ಪ್ರೊಫೆಸರಮ್ಮ, ಊರವರ ಬಾಯಲ್ಲಿ ಸ್ನಾಯು ಮೇಡಂ, ವ್ಯಾಯಾಮದಿಂದ ಸ್ನಾಯುವಿನೊಳಗೆ ಏನೇನು ಬದಲಾಗುತ್ತದೆಂದು ನೋಡಲು ಜನರನ್ನು ಹುಡುಕುತ್ತಿದ್ದರು. ಹೀಗಾದರೂ ಇವರ ಕಾಲು ಅಲ್ಲಾಡಲಿ ಎಂದು ಆಕೆ ಗಂಡನ ಪರವಾಗಿ ಅರ್ಜಿ ತುಂಬಿ, ಗಂಡನ ಪರವಾಗಿ ಉತ್ಸಾಹವನ್ನೂ ತೋರಿಸಿ ಬಂದಿದ್ದಳು.

ಮೊದಲ ದಿನ ಮೇಡಂ ಎಲ್ಲರನ್ನೂ ಕೂರಿಸಿ ವಿವರಿಸಿದರು. ತೊಡೆಯ ಸ್ನಾಯುವಿನ ಒಂದೊಂದು ಎಳೆಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಒಲೆಗಳಿರುತ್ತವಂತೆ. ಉಸಿರಿನ ಗಾಳಿ ಎಳೆದುಕೊಂಡು ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುವುದು ಅವುಗಳ ಕೆಲಸ. ಸೋಮಾರಿ ಸ್ನಾಯುವಿನಲ್ಲಿ ಒಲೆ ಕಡಿಮೆ. ಕೆಲಸ ಬಿದ್ದ ಕೂಡಲೇ ಅದು ಹೊಸ ಸಾಹುಕಾರನ ಹಾಗೆ ಸಕ್ಕರೆಯ ಗಂಟು ಬಿಚ್ಚಿ ಖಾಲಿ ಮಾಡಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಮನುಷ್ಯ ಏದುಸಿರು ಬಿಡುತ್ತಾನೆ. ದಿನಾ ದುಡಿದರೆ, ಕೆಲವು ವಾರಗಳಲ್ಲಿ, ಅದೇ ಸ್ನಾಯು ಒಲೆಗಳನ್ನು ಹೆಚ್ಚಿಸಿಕೊಂಡು, ರಕ್ತ ಬರುವ ದಾರಿಗಳನ್ನು ತೋಡಿಕೊಂಡು, ಸಕ್ಕರೆಯನ್ನು ಮುಟ್ಟದೆ ಕೊಬ್ಬು ಉರಿಸುವ ಜಾಣತನ ಕಲಿಯುತ್ತದೆ. ಕುರ್ಚಿರಾಯರು ಇದನ್ನೆಲ್ಲ ಗೌರವದಿಂದ ಕೇಳಿದರು. ತಮ್ಮೊಳಗೆ ಇಷ್ಟು ಒಲೆ ಇದ್ದೂ ಒಂದು ದಿನವೂ ಹೊಗೆ ಬಂದಿಲ್ಲವಲ್ಲ ಎಂದು ಹೆಮ್ಮೆಪಟ್ಟರು.

ಅಂದು ಎರಡನೇ ಮಹಡಿಯ ಪ್ರಯೋಗಾಲಯಕ್ಕೆ ಹತ್ತಲು ಅವರು ಮೂರು ಕಡೆ ಕೂತು, ಒಂದು ಕಡೆ ನೀರು ಕುಡಿದಿದ್ದರು. ಕದಲದ ಸೈಕಲ್ಲಿನ ಮೇಲೆ ನಾಲ್ಕು ನಿಮಿಷ ತುಳಿದು, ಐದನೆಯದನ್ನು ದೇವರಿಗೆ ಬಿಟ್ಟಿದ್ದರು.

ಆಮೇಲೆ ಚೀಟಿ ಎತ್ತಿಸಿದರು. ಅರ್ಧ ಜನ ಹನ್ನೆರಡು ವಾರ, ದಿನಕ್ಕೊಂದು ಗಂಟೆ, ಮನೆಗೆ ಕೊಡುವ ಸೈಕಲ್ ತುಳಿಯಬೇಕು. ಉಳಿದರ್ಧ ಏನೂ ಮಾಡಬಾರದು. ಬದಲಾದದ್ದೆಷ್ಟು ಎಂದು ತಿಳಿಯಲು ಬದಲಾಗದವರೂ ಬೇಕಲ್ಲ. ಕುರ್ಚಿರಾಯರ ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಡ್ರಿಲ್ ಮೇಷ್ಟ್ರಿಗೆ ಸೈಕಲ್ ಬಂತು. ಕುರ್ಚಿರಾಯರಿಗೆ ಬಂದದ್ದು ಸುಮ್ಮನಿರುವವರ ಗುಂಪು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಜೊತೆಗೆ ಮೊಹರು ಬಿದ್ದ ಪತ್ರ ಬೇರೆ: ‘ಸದರಿ ವ್ಯಕ್ತಿಯು ಹನ್ನೆರಡು ವಾರ ಯಾವುದೇ ವ್ಯಾಯಾಮ ಮಾಡತಕ್ಕದ್ದಲ್ಲ. ಮನೆಯವರು ಮಾಡಿಸತಕ್ಕದ್ದಲ್ಲ. ಅವರ ವಿಶ್ರಾಂತಿಗೆ ಅಡ್ಡಿಪಡಿಸತಕ್ಕದ್ದಲ್ಲ.’

ಆ ಪತ್ರಕ್ಕೆ ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಹೆಂಡತಿ ತರಕಾರಿ ಚೀಲ ಎತ್ತಿದರೆ ಅವರು ಪತ್ರದ ಕಡೆ ಬೆರಳು ತೋರಿಸುತ್ತಿದ್ದರು. ಮಾತೂ ಆಡುತ್ತಿರಲಿಲ್ಲ, ಅದೂ ವ್ಯಾಯಾಮವಾದೀತೆಂದು.

ಹೆಂಡತಿ ಜಗಳವಾಡಲಿಲ್ಲ. ಪತ್ರವನ್ನು ಎರಡು ಸಲ ಓದಿ, ವಿಶ್ರಾಂತಿ ಎಂದರೆ ಸರಿಯಾಗಿಯೇ ಆಗಲಿ ಎಂದು, ಅವರ ಆರಾಮ ಕುರ್ಚಿಯನ್ನು ನೆಲಮಹಡಿಯ ಮನೆಯಿಂದ ಕಟ್ಟಡದ ತಾರಸಿಯ ಕೋಣೆಗೆ ಸಾಗಿಸಿದಳು. ಅಲ್ಲಿ ಗಾಳಿ ಇದೆ, ಬಾಗಿಲು ತಟ್ಟುವವರಿಲ್ಲ, ನನ್ನ ಬಾಯಿಯೂ ಕೇಳಿಸಲ್ಲ ಎಂದಳು. ಕುರ್ಚಿರಾಯರಿಗೆ ಕಣ್ಣು ತುಂಬಿ ಬಂತು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಹೀಗೆ ಅರ್ಥಮಾಡಿಕೊಂಡದ್ದು ಇದೇ ಮೊದಲು ಎಂದು ಕಚೇರಿಯಲ್ಲೂ ಹೇಳಿಕೊಂಡರು.

ಈಗ ಹನ್ನೆರಡು ವಾರ ಮುಗಿದು ಕೊನೆಯ ಪರೀಕ್ಷೆ. ಹೋದ ವಾರ ತೊಡೆಯಿಂದ ಅಕ್ಕಿಕಾಳಿನಷ್ಟು ಸ್ನಾಯು ತೆಗೆದುಕೊಂಡು ಹೋಗಿದ್ದರು, ಅದರ ವರದಿ ಇವತ್ತು. ಜೊತೆಗೆ ಮತ್ತೊಮ್ಮೆ ಸೈಕಲ್. ದಣಿದ ಸ್ನಾಯು ಸುಳ್ಳು ಹೇಳುತ್ತದೆ, ಅದಕ್ಕೇ ಈ ಕಾಲುಪಟ್ಟಿ ಎಂದಿದ್ದರು ಮೇಡಂ. ಇನ್ನೊಂದು ಮಾತನ್ನೂ ಹೇಳಿದ್ದರು: “ನಿಮ್ಮ ಸ್ನಾಯು ಇದ್ದ ಹಾಗೇ ಇದ್ರೆ ನಿಮ್ಮನ್ನ ಇನ್ನೂ ಒಂದು ವರ್ಷ ಮುಂದುವರಿಸ್ತೀವಿ. ನಿಮ್ಮಂಥ ಬದಲಾಗದ ಮನುಷ್ಯರು ವಿಜ್ಞಾನಕ್ಕೆ ಬೇಕು.”

ವರ್ಷವಿಡೀ ಮೊಹರು ಬಿದ್ದ ವಿಶ್ರಾಂತಿ. ಕುರ್ಚಿರಾಯರಿಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಅಂದರೆ ಹನ್ನೊಂದರ ತನಕ ಬಂದಿರಲಿಲ್ಲ. ಆ ವರ್ಷ ಸಿಕ್ಕದಿದ್ದರೆ ಏನೆಂಬುದೂ ಗೊತ್ತಿತ್ತು. ಪತ್ರದ ಗಡುವು ಮುಗಿದ ಮಾರನೇ ದಿನದಿಂದ ಬೆಳಿಗ್ಗೆ ಐದಕ್ಕೆ ಡ್ರಿಲ್ ಮೇಷ್ಟ್ರ ಜೊತೆ ಮೈದಾನ. ಹೆಂಡತಿ ಬೂಟು ತಂದಾಗಿತ್ತು. ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಅವು ಜಪ್ತಿಗೆ ಬಂದ ಕೋರ್ಟಿನ ಅಮೀನನ ಹಾಗೆ ಕಾದು ಕೂತಿದ್ದವು.

ಬೆಳಗು ಎಂದಿನ ಹಾಗೇ ಕಳೆಯಿತು. ಪೇಪರು ಮೇಲಿತ್ತು, ಕನ್ನಡಕ ಕೆಳಗಿತ್ತು. ಟೀ ಕೆಳಗಾಯಿತು, ಓದಿ ಮುಗಿಯದ ಪೇಪರು ಮೇಲಿತ್ತು. ಫೋನು ಕೆಳಗೆ ಕೂಗಿ, ಹೋಗಿ ಮುಟ್ಟುವಷ್ಟರಲ್ಲಿ ಸುಮ್ಮನಾಯಿತು. ಮಧ್ಯದ ಮಹಡಿಯಲ್ಲಿ ಮೇಷ್ಟ್ರ ಗಂಟಲು ಬಾಗಿಲು ಸೀಳಿಕೊಂಡು ಬರುತ್ತಿತ್ತು: ಒಂದು, ಎರಡು, ಒಂದು, ಎರಡು. ಹಿಂದೆಯೇ ಸೈಕಲ್ ಚಕ್ರದ ಗುರ್ ಸದ್ದು. ಪಾಪ, ಈ ವಯಸ್ಸಿನಲ್ಲಿ ಎಂದುಕೊಂಡರು ಕುರ್ಚಿರಾಯರು.

ಒಂಬತ್ತಕ್ಕೆ ಪ್ಯಾಂಟು ಏರಿಸುವಾಗ ಅಂಕಿ ನೋಡಿದರು. ಮುನ್ನೂರ ತೊಂಬತ್ತೇಳು.

ಅವರು ಮಂಚದ ಮೇಲೆ ಕುಸಿದರು. ಎದ್ದಾಗಿನಿಂದ ತಾನು ಮಾಡಿದ್ದು ವಿಶ್ರಾಂತಿಯೊಂದೇ. ಯಂತ್ರಕ್ಕೆ ತಲೆಕೆಟ್ಟಿದೆ ಎಂದು ಹೆಂಡತಿಗೆ ಹೇಳಿದರು. ಆಕೆ ಬಗ್ಗಿ ಅಂಕಿ ನೋಡಿ, ಹುಬ್ಬೇರಿಸಿ, “ನೀವು ಕೂತಲ್ಲಿ ಕಾಲು ಅಲ್ಲಾಡಿಸ್ತೀರಲ್ಲ ರೀ, ಅದನ್ನೂ ಎಣಿಸುತ್ತೋ ಏನೋ” ಎಂದಳು. ಕುರ್ಚಿರಾಯರಿಗೆ ಜ್ಞಾನೋದಯವಾಯಿತು. ಕಾಲು ಅಲ್ಲಾಡಿಸುವ ಚಟ ಅವರಿಗೆ ನಿಜಕ್ಕೂ ಇತ್ತು. ಇಡೀ ದೇಹದಲ್ಲಿ ಕೆಲಸ ಮಾಡುತ್ತಿದ್ದ ಏಕೈಕ ಅಂಗ ಅದಾಗಿತ್ತು.

ಕಚೇರಿಗೆ ಹೆಡ್‌ಕ್ಲಾರ್ಕ್ ತಮ್ಮ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋದರು. ಈ ಹೆಡ್‌ಕ್ಲಾರ್ಕ್ ಕೇಳದವರಿಗೂ ಸಹಾಯ ಮಾಡುವ ಮನುಷ್ಯ. ಕೇಳಿದವರಿಗೆ ಮಾಡಲು ಹೀಗಾಗಿ ಬಿಡುವಾಗುತ್ತಿರಲಿಲ್ಲ. ಕುರ್ಚಿಗೆ ತಲುಪಿದಾಗ ಅಂಕಿ ನಾನೂರ ಮೂವತ್ತೊಂದು. ಹೆಡ್‌ಕ್ಲಾರ್ಕ್ ತೂಕದ ಕಲ್ಲು ಕಟ್ಟುವ ಹುರಿಯಿಂದ ಅವರ ಬಲಗಾಲನ್ನು ಮೇಜಿನ ಕಾಲಿಗೆ ಬಿಗಿದು, ಗಂಟಿನ ಮೇಲೆ ಸೀಸದ ಮುದ್ರೆಯನ್ನೂ ಒತ್ತಿದರು. ಕಚೇರಿಯ ಕ್ರಮವೆಂದರೆ ಕ್ರಮ. ಅಂಗಡಿಯವನೊಬ್ಬ ಬಗ್ಗಿ ನೋಡಿ, ಇವರನ್ನು ಯಾವ ಆರೋಪದ ಮೇಲೆ ಹಿಡಿದಿದ್ದೀರಿ ಎಂದು ಮೆಲ್ಲಗೆ ವಿಚಾರಿಸಿದ.

ಮಧ್ಯಾಹ್ನ ಎರಡೂವರೆಯವರೆಗೆ ಅಂಕಿ ಅಲ್ಲಾಡಲಿಲ್ಲ. ಕುರ್ಚಿರಾಯರು ಒಳಗೊಳಗೇ ಮುಂದಿನ ವರ್ಷದ ನಿದ್ದೆಗಳಿಗೆ ವೇಳಾಪಟ್ಟಿ ಹಾಕುತ್ತಿದ್ದರು. ಆಗ ಅಂಗಳದಾಚೆಯ ಕಟ್ಟಡದಿಂದ ಸಾಹೇಬರ ಕರೆ ಬಂತು. ಬೇಗ ಹೊರಡಲು ರಜೆಚೀಟಿ ಕೊಟ್ಟವರು ಖುದ್ದಾಗಿ ಬಂದು ಕಾರಣ ಹೇಳಬೇಕಂತೆ.

ಹೋಗಿ ಬರಲು ಕಮ್ಮಿಯೆಂದರೆ ಇನ್ನೂರು ಅಂಕಿ. ಕುರ್ಚಿರಾಯರು ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನೀವು ಏಳಬೇಡಿ. ನಾವೆಲ್ಲ ಯಾಕಿದ್ದೀವಿ?” ಎಂದರು ಹೆಡ್‌ಕ್ಲಾರ್ಕ್.

ಹುರಿ ಕತ್ತರಿಸಿ, ಅವರನ್ನು ಟೈಪಿಸ್ಟರ ಚಕ್ರದ ಕುರ್ಚಿಗೆ ದಾಟಿಸಿ, ಹಿಂದಿನಿಂದ ತಳ್ಳಲು ಅಟೆಂಡರನ್ನು ನಿಲ್ಲಿಸಿದರು. ಮೆರವಣಿಗೆ ಹೊರಟಿತು. ದೊಡ್ಡ ತಕ್ಕಡಿಗಳನ್ನು ಒಳಗೆ ತರಲು ಬಾಗಿಲ ಮುಂದೆ ಕಟ್ಟಿದ ಇಳಿಜಾರೊಂದಿತ್ತು. ಅದರ ತುದಿಗೆ ಬಂದರು. ಸರಿಯಾಗಿ ಆಗಲೇ, ಇವರು ಯಾಕಿನ್ನೂ ಬರಲಿಲ್ಲವೆಂದು ಸಾಹೇಬರು ಅಂಗಳಕ್ಕೆ ಬಂದರು. ಅಟೆಂಡರು ಮೂವತ್ತು ವರ್ಷದ ಸೇವೆಯಲ್ಲಿ ಸಾಹೇಬರನ್ನು ಕಂಡು ಸಲಾಮು ಹೊಡೆಯದೆ ಬಿಟ್ಟವನಲ್ಲ. ಇವತ್ತೂ ಬಿಡಲಿಲ್ಲ. ಬಿಟ್ಟದ್ದು ಕುರ್ಚಿಯನ್ನು.

ಕುರ್ಚಿ ಇಳಿಜಾರು ಇಳಿಯಿತು. ಸಾಹೇಬರ ಮುಂದೆ ಹಾಯುವಾಗ ಕುರ್ಚಿರಾಯರು ಕಾರಣ ಹೇಳಲು ಬಾಯಿ ತೆರೆದರಾದರೂ ಮೊದಲ ಪದ ಮುಗಿಯುವಷ್ಟರಲ್ಲಿ ಗೇಟು ದಾಟಿಯಾಗಿತ್ತು. ಗೇಟಿನಾಚೆ ರಸ್ತೆ, ಅದೂ ಇಳಿಜಾರೇ. ಕ್ಷೌರದಂಗಡಿ ಹೋಯಿತು, ಅರ್ಧ ಗಡ್ಡ ಉಳಿದವನೊಬ್ಬ ಬಾಗಿಲಿಗೆ ಬಂದು ನೋಡಿದ. ಇಸ್ತ್ರಿ ಅಂಗಡಿ ಹೋಯಿತು. ಎರಡು ಆಟೋಗಳು ಗೌರವದಿಂದ ದಾರಿ ಬಿಟ್ಟವು. ತಡೆಯೋಣವೆಂದು ಕುರ್ಚಿರಾಯರು ಕಾಲು ಕೆಳಗಿಟ್ಟರು. ಕುರ್ಚಿ ನಿಲ್ಲಲಿಲ್ಲ, ಕಾಲುಗಳು ಓಡತೊಡಗಿದವು. ಕೂತುಕೊಂಡು ಓಡುವ ಮನುಷ್ಯನನ್ನು ಆ ರಸ್ತೆ ಹಿಂದೆ ಕಂಡಿರಲಿಲ್ಲ. ಟೈಪಿಸ್ಟರ ಕುರ್ಚಿ ಅಲ್ಲವೇ, ಕಾಲುಗಳೂ ಟೈಪ್ ಮಾಡುವ ಹಾಗೆ ಪಟಪಟನೆ ಬಡಿದವು. ಹಿಂದೆ ಅಟೆಂಡರು, ಅವನ ಹಿಂದೆ ಸಲಹೆ ಕೂಗುತ್ತ ಹೆಡ್‌ಕ್ಲಾರ್ಕ್.

ತಿರುವಿನಲ್ಲಿ ಡ್ರಿಲ್ ಮೇಷ್ಟ್ರು ನಿಂತಿದ್ದರು. ಊರಿನ ಯಾವುದಾದರೊಂದು ತಿರುವಿನಲ್ಲಿ ನಿಂತು ಹೋಗಿ ಬರುವವರ ನಡಿಗೆ ತಿದ್ದುವುದು ಅವರ ನಿವೃತ್ತಿಯ ಉದ್ಯೋಗ. ಕುರ್ಚಿರಾಯರ ಕಾಲು ಕಂಡದ್ದೇ ಅವರ ಎದೆ ಉಬ್ಬಿತು.

“ತಾಳ ತಪ್ಪಬಾರದು. ಎಡ, ಬಲ, ಎಡ, ಬಲ. ಮಂಡಿ ಮೇಲೆ ಬರಲಿ.”

ಶಾಲೆಯಲ್ಲಿ ಕಲಿತದ್ದು ಸುಡುಗಾಡಿನವರೆಗೆ ಎನ್ನುತ್ತಾರೆ. ಕುರ್ಚಿರಾಯರ ತಲೆ ಬೇಡವೆಂದರೂ ಕಾಲುಗಳು ಆಜ್ಞೆಗೆ ಮಣಿದು ಮಂಡಿಯೆತ್ತಿ ಬಡಿಯತೊಡಗಿದವು. ಕೊನೆಗೆ ಕುರ್ಚಿ ಹೋಗಿ ಗುದ್ದಿದ್ದು ಹಾಸಿಗೆ ಅಂಗಡಿಯ ಮುಂದೆ ಪೇರಿಸಿದ್ದ ಹೊಸ ಹಾಸಿಗೆಗಳ ರಾಶಿಗೆ. ಕುರ್ಚಿರಾಯರು ಮೇಲಕ್ಕೆ ಹಾರಿ ಅಂಗಾತ ಬಿದ್ದರು. ಒಂದು ಗಳಿಗೆ ಅವರಿಗೆ ಎಲ್ಲ ಕಷ್ಟ ಮರೆತುಹೋಯಿತು. ಬಹಳ ಒಳ್ಳೆಯ ಹತ್ತಿ.

ಅಂಗಡಿಯವನು ಅಳತೆ ಕೇಳಲು ಬಂದಾಗ ಎಚ್ಚರವಾಗಿ ಕಾಲು ನೋಡಿಕೊಂಡರು. ಒಂಬೈನೂರ ಹನ್ನೊಂದು. ಗಂಟೆ ಮೂರು ಹೊಡೆದಿತ್ತು.

ಉಳಿದದ್ದು ಎಂಬತ್ತೊಂಬತ್ತು. ಕುರ್ಚಿಯ ಒಂದು ಚಕ್ರ ಕಿತ್ತುಹೋಗಿತ್ತು, ಹೆಡ್‌ಕ್ಲಾರ್ಕ್ ಅದನ್ನು ಹುಡುಕಲು ಹೋಗಿದ್ದರು. ಅಷ್ಟರಲ್ಲಿ ಮೇಷ್ಟ್ರು ಆಟೋ ಒಂದನ್ನು ನಿಲ್ಲಿಸಿ ಹತ್ತುತ್ತಿದ್ದರು, ಅವರ ಪರೀಕ್ಷೆಯೂ ಇವತ್ತೇ. ನನ್ನನ್ನೂ ಕರೆದುಕೊಂಡು ಹೋಗಿ ಮೇಷ್ಟ್ರೇ ಎಂದು ಕುರ್ಚಿರಾಯರು ಹಾಸಿಗೆಯ ಮೇಲಿಂದಲೇ ಕೈ ಜೋಡಿಸಿದರು.

“ನಡೀರಿ ಸ್ವಾಮಿ, ಕಾಲು ಕೊಟ್ಟಿರೋದು ಯಾತಕ್ಕೆ?” ಎಂದು ಹೇಳಿ ಮೇಷ್ಟ್ರು ಹೊರಟುಹೋದರು. ಬೇರೊಂದು ಆಟೋ ಸಿಗಲಿಲ್ಲ. ಇದ್ದ ಎರಡೂ ಹೆದರಿ ಬೇರೆ ಬೀದಿ ಹಿಡಿದಿದ್ದವು.

ಬಸ್ ನಿಲ್ದಾಣ ಆ ಬೀದಿಯ ತುದಿಯಲ್ಲಿ. ಕುರ್ಚಿರಾಯರು ಯೋಚಿಸಿದರು. ಇಪ್ಪತ್ತೆರಡು ವರ್ಷ ಕಳ್ಳತೂಕ ಹಿಡಿದ ತಲೆಗೆ ಕಳ್ಳದಾರಿ ಹೊಳೆಯದೆ ಇದ್ದೀತೇ? ಯಂತ್ರ ಎಣಿಸುವುದು ಬಲಗಾಲನ್ನು ಮಾತ್ರ. ಎಡಗಾಲಿನ ಬಗ್ಗೆ ಅದು ಏನೂ ಕೇಳಿಲ್ಲ.

ಬಲಗಾಲನ್ನು ಮಡಚಿ ಹಿಂದಕ್ಕೆ ಕೈಯಲ್ಲಿ ಹಿಡಿದುಕೊಂಡು, ಕುರ್ಚಿರಾಯರು ಎಡಗಾಲಿನ ಮೇಲೆ ಕುಪ್ಪಳಿಸುತ್ತ ಹೊರಟರು. ಜನ ಎರಡೂ ಬದಿಗೆ ಸರಿದರು. ಒಬ್ಬ ಮುದುಕ ಹರಕೆಯೇ ಎಂದು ಕೇಳಿದ, ಹೌದೆಂದರು. ಅರ್ಧ ಬೀದಿ ದಾಟಿದಾಗ ಹಿಂದಿನಿಂದ ಯಾರೋ ಬಿರುಸಾಗಿ ಬಂದು ಅವರನ್ನು ದಾಟಿಹೋದರು. ನೋಡಿದರೆ ಡ್ರಿಲ್ ಮೇಷ್ಟ್ರ ಹೆಂಡತಿ. ಅರವತ್ತೆರಡು ವಯಸ್ಸು, ಮೂರು ತಿಂಗಳ ಹಿಂದೆ ಮಂಡಿ ನೋವೆಂದು ಕಂಬ ಹಿಡಿದು ಏಳುತ್ತಿದ್ದವರು. ಎರಡು ಕೈಯಲ್ಲೂ ತರಕಾರಿ ಚೀಲ. ಗಂಡನ ಪರೀಕ್ಷೆಗೆ ಸಹಿ ಹಾಕಬೇಕಂತೆ, ತಡವಾಯಿತಂತೆ. ನಿಲ್ಲದೆಯೇ ಇದನ್ನೆಲ್ಲ ಹೇಳಿ, ಹೊರಟ ಬಸ್ಸನ್ನು ಓಡಿ ಹಿಡಿದು, ಇವರಿಗಾಗಿ ಗಂಟೆಯನ್ನೂ ಎಳೆದು ನಿಲ್ಲಿಸಿದರು.

ಬಸ್ಸಿಳಿದ ಮೇಲೆ ಕಾಲೇಜಿನ ಹುಡುಗರ ಮುಂದೆ ಕುಪ್ಪಳಿಸಲು ನಾಚಿ ಎರಡೂ ಕಾಲಲ್ಲಿ ನಡೆದದ್ದಕ್ಕೆ ಎಂಬತ್ತೇಳು ಅಂಕಿ ಖರ್ಚಾಯಿತು. ಕಾಲೇಜಿನ ಲಿಫ್ಟು ಕೆಟ್ಟಿತ್ತು. ಕೆಡದಿದ್ದರೆ ಆಶ್ಚರ್ಯಪಡಬೇಕಿತ್ತು. ಕುರ್ಚಿರಾಯರು ಕಟಕಟೆ ಹಿಡಿದು ಎರಡು ಮಹಡಿಯನ್ನೂ ಒಂದೇ ಕಾಲಿನಲ್ಲಿ ಕುಪ್ಪಳಿಸಿ ಹತ್ತಿದರು. ಮೇಲೆ ನಿಂತಿದ್ದ ಸ್ನಾಯು ಮೇಡಂ ಇದೇನೆಂದು ಕೇಳಿದಾಗ, ಅಲ್ಲೇ ನಿಂತು, ಸಾಹೇಬರ ಕರೆಯಿಂದ ಹಿಡಿದು ಹಾಸಿಗೆಯ ಹತ್ತಿಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವರದಿ ಮಾಡಿ, ಹೆಮ್ಮೆಯಿಂದ ಬಲಗಾಲು ತೋರಿಸಿದರು. ಒಂಬೈನೂರ ತೊಂಬತ್ತೆಂಟು.

ಮೇಡಂ ಅಂಕಿಯನ್ನು ನೋಡಲಿಲ್ಲ. ಕುರ್ಚಿರಾಯರ ಮುಖವನ್ನೇ ನೋಡುತ್ತಿದ್ದರು.

“ನಿಮಗೆ ಉಬ್ಬಸ ಬರ್ತಿಲ್ಲ?” ಎಂದರು.

“ಬರಬೇಕಿತ್ತಾ?” ಎಂದರು ಕುರ್ಚಿರಾಯರು.

ಮೊದಲು ಮೇಷ್ಟ್ರನ್ನು ಸೈಕಲ್ ಹತ್ತಿಸಿದರು. ಮೇಷ್ಟ್ರು ಎದೆ ಮುಂದೆ ಮಾಡಿ, ಎಲ್ಲರೂ ಗಮನವಿಟ್ಟು ನೋಡಬೇಕೆಂದು ಸೂಚನೆ ಕೊಟ್ಟು, ಒಂದು, ಎರಡು ಎಂದು ಶುರುಮಾಡಿದರು. ಮೂರನೇ ನಿಮಿಷಕ್ಕೆ ಎಣಿಕೆ ನಿಂತಿತು. ಮೂರೂವರೆಗೆ ಮೇಷ್ಟ್ರೂ ನಿಂತರು. ಬದನೆಕಾಯಿಯ ಬಣ್ಣಕ್ಕೆ ತಿರುಗಿ, ನರ್ಸಮ್ಮನ ಭುಜ ಹಿಡಿದು ಇಳಿದು, ಈ ಸೈಕಲ್ಲಿಗೆ ಶಿಸ್ತಿಲ್ಲ ಎಂದು ಮಾತ್ರ ಹೇಳಲು ಅವರಿಗೆ ಉಸಿರಿತ್ತು.

ಆಮೇಲೆ ಕುರ್ಚಿರಾಯರು. ಮೂಗಿಗೆ ಮುಸುಕು, ಮೂರು ನಿಮಿಷಕ್ಕೊಮ್ಮೆ ಬೆರಳ ತುದಿಯಿಂದ ಒಂದು ಹನಿ ರಕ್ತ. ಸುಸ್ತಾದಾಗ ನಿಲ್ಲಿಸಿ ಎಂದರು ಮೇಡಂ. ಕುರ್ಚಿರಾಯರು ತುಳಿಯುತ್ತ ಸುಸ್ತಿಗಾಗಿ ಕಾದರು. ನಾಲ್ಕು ನಿಮಿಷವಾಯಿತು, ಬರಲಿಲ್ಲ. ಒಂಬತ್ತಾಯಿತು. ಬಾಲ್ಯದಿಂದ ಜೊತೆಗಿದ್ದ ಗೆಳೆಯ, ಕರೆಯದಿದ್ದರೂ ಬರುತ್ತಿದ್ದವನು, ಇವತ್ತು ಬೇಕೆಂದಾಗ ಪತ್ತೆಯಿಲ್ಲ. ಹದಿನೈದನೇ ನಿಮಿಷಕ್ಕೆ ಕಿಟಕಿಯಾಚೆ ಕಾಗೆಗಳನ್ನು ಎಣಿಸುತ್ತಿದ್ದ ತಮ್ಮನ್ನು ತಾವೇ ಹಿಡಿದರು. ಏನೋ ಎಡವಟ್ಟಾಗಿದೆ ಎಂದು ಹೊಳೆದು, ನಾಲಿಗೆ ಹೊರಹಾಕಿ, ಕಣ್ಣು ಮೇಲೆ ಮಾಡಿ, ಅಯ್ಯೋ ಅಮ್ಮಾ ಎಂದು ನರಳಿದರು.

ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ. “ನಿಮ್ಮ ಮುಖ ಸುಸ್ತಾಗಿದೆ. ಆದ್ರೆ ರಕ್ತಕ್ಕೆ ಆ ವಿಷಯ ಗೊತ್ತಿಲ್ಲ. ತುಳೀರಿ.”

ಇಪ್ಪತ್ತೆರಡು ನಿಮಿಷಕ್ಕೆ ಮೇಡಂ ಅವರೇ ನಿಲ್ಲಿಸಿದರು. ಲಕೋಟೆಯಿಂದ ಎರಡು ವರದಿ ತೆಗೆದು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಡ್ರಿಲ್ ಮೇಷ್ಟ್ರ ಸ್ನಾಯು ಹನ್ನೆರಡು ವಾರದ ಹಿಂದೆ ಹೇಗಿತ್ತೋ ಹಾಗೇ ಇದೆ, ಒಂದು ಒಲೆಯೂ ಹೆಚ್ಚಿಲ್ಲ. ಕುರ್ಚಿರಾಯರ ಸ್ನಾಯುವಿನಲ್ಲಿ ಒಲೆಗಳು ಮೂರನೇ ಒಂದರಷ್ಟು ಹೆಚ್ಚಿವೆ, ರಕ್ತದ ಹೊಸ ದಾರಿಗಳು ಹುಟ್ಟಿವೆ, ಸಕ್ಕರೆ ಉಳಿಸಿ ಕೊಬ್ಬು ಉರಿಯುತ್ತಿದೆ. ಎರಡು ಶೀಷೆಗಳೂ ಅದಲುಬದಲಾಗಿವೆ ಎಂದು ಮೇಡಂ ಮೊದಲು ನರ್ಸಮ್ಮನನ್ನು ಗದರಿದರು. ಆದರೆ ಸೈಕಲ್ಲಿನ ಮೇಲೆ ಕೂತವರು ಅದಲುಬದಲಾಗಿರಲು ಸಾಧ್ಯವಿರಲಿಲ್ಲ. ಒಬ್ಬರು ಇನ್ನೂ ಬೆಂಚಿನ ಮೇಲೆ ಮಲಗಿದ್ದರು.

“ಒಂದು ದಿನ ಓಡಿದ್ರೆ ಹೀಗಾಗಲ್ಲ. ವಾರಗಟ್ಟಲೆ, ಬಿಡದೆ ಮಾಡಬೇಕು. ಕದ್ದು ವ್ಯಾಯಾಮ ಮಾಡಿದ್ದೀರಿ ನೀವು” ಎಂದರು ಮೇಡಂ.

ಕುರ್ಚಿರಾಯರನ್ನು ಜೀವಮಾನದಲ್ಲಿ ಯಾರೂ ಹೀಗೆ ಅವಮಾನಿಸಿರಲಿಲ್ಲ. ಕಣ್ಣಾಣೆ, ತಲೆಯಾಣೆ, ಕುರ್ಚಿಯಾಣೆ ಮಾಡಿದರು. ಬೇಕಾದರೆ ಇವಳನ್ನೇ ಕೇಳಿ ಎಂದು, ಸಾಕ್ಷಿ ಸಹಿಗೆ ಬಂದು ಮೂಲೆಯಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದರು.

ಮೊದಲು ಬಾಯಿಬಿಟ್ಟದ್ದು ಮಾತ್ರ ಮೇಷ್ಟ್ರ ಹೆಂಡತಿ. ಮನೆಗೆ ಕೊಟ್ಟ ಸೈಕಲ್ ದಿನಕ್ಕೊಂದು ಗಂಟೆ ಓಡಿದ್ದು ನಿಜವಂತೆ. “ಇವರು ಎಣಿಸ್ತಿದ್ರು, ನಾನು ತುಳೀತಿದ್ದೆ. ಎಣಿಸೋದು, ತುಳಿಯೋದು ಎರಡೂ ಒಬ್ಬರೇ ಮಾಡಿದ್ರೆ ತಾಳ ಕೆಡುತ್ತೆ ಅಂದ್ರು. ನಲವತ್ತು ವರ್ಷ ಸ್ಕೂಲಲ್ಲೂ ಹಾಗೇ ಅಲ್ವಾ ಮಾಡಿಸಿದ್ದು.” ಬೆಂಚಿನ ಮೇಲಿದ್ದ ಮೇಷ್ಟ್ರು ಗೋಡೆ ಕಡೆ ಹೊರಳಿದರು.

ಮೇಡಂ ಈಗ ಕುರ್ಚಿರಾಯರ ಹೆಂಡತಿಯನ್ನು ನೋಡಿದರು.

ಆಕೆ ನೇರವಾಗಿ ಕೂತು ಸಾಕ್ಷಿ ಹೇಳಿದಳು. ಇವರು ವ್ಯಾಯಾಮ ಮಾಡಿಲ್ಲ. ನಾನೂ ಮಾಡಿಸಿಲ್ಲ. ಪತ್ರದಲ್ಲಿದ್ದ ಹಾಗೆ ವಿಶ್ರಾಂತಿಗೆ ಅಡ್ಡಿಯಾಗಬಾರದೆಂದು ಕುರ್ಚಿಯನ್ನು ತಾರಸಿಗೆ ಹಾಕಿಸಿದೆ, ಅಷ್ಟೆ.

“ಎಷ್ಟು ಮೆಟ್ಟಿಲು?”

“ಎಪ್ಪತ್ತೆರಡು.”

“ದಿನಕ್ಕೆ ಎಷ್ಟು ಸಲ ಹತ್ತಿ ಇಳೀತಿದ್ರು?”

“ಅದು ಆವತ್ತು ನಾನು ಕನ್ನಡಕ ಎಲ್ಲಿಟ್ಟಿರ್ತಿದ್ದೆ ಅನ್ನೋದರ ಮೇಲೆ” ಎಂದಳು ಆಕೆ.

ಕುರ್ಚಿರಾಯರ ಕಣ್ಣ ಮುಂದೆ ಹನ್ನೆರಡು ವಾರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದವು. ಕೆಳಗೆ ಆರುತ್ತಿದ್ದ ಟೀ. ಮುಟ್ಟುವಷ್ಟರಲ್ಲಿ ನಿಲ್ಲುತ್ತಿದ್ದ ಫೋನು. ಪೇಪರಿನ ಒಳಪುಟ ಯಾವಾಗಲೂ ಇನ್ನೊಂದು ತುದಿಯಲ್ಲೇ ಇರುತ್ತಿದ್ದ ವಿಚಿತ್ರ. ಇಂದಿನ ಮುನ್ನೂರ ತೊಂಬತ್ತೇಳು. ಇವರು ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ ತೂರಿದ್ದಳು, ಅದೂ ಪತ್ರದ ಒಂದಕ್ಷರವನ್ನೂ ಮೀರದೆ.

“ನೀನಾ ಕಣೇ” ಎಂದರು.

“ಹೋದ ವರ್ಷ ಡಾಕ್ಟರು ಏನಂದಿದ್ರು, ನೆನಪಿದೆಯಾ? ಈ ಮನುಷ್ಯ ಹೀಗೇ ಕೂತ್ರೆ ಒಂದು ದಿನ ಕೂತೇ ಹೋಗ್ತಾರೆ ಅಂತ” ಎಂದಳು ಹೆಂಡತಿ. ಸೆರಗಿನ ಅಂಚು ಸರಿಮಾಡಿಕೊಂಡಳು. “ಹೇಳಿದ್ರೆ ನೀವು ಗೋಡೆಗೆ ಬೆರಳು ತೋರಿಸ್ತಿದ್ರಿ.”

ಮೇಡಂ ನಗಲಿಲ್ಲ. ಅವರು ಬರೆದುಕೊಳ್ಳುತ್ತಿದ್ದರು. ಬರೆದು ಮುಗಿಸಿ, ಮೂರು ತೀರ್ಮಾನ ಹೇಳಿದರು. ಮೇಷ್ಟ್ರ ಹೆಂಡತಿಯನ್ನು ಸೈಕಲ್ ಗುಂಪಿಗೆ ಸೇರಿಸಿಕೊಂಡಿದೆ. ಬದಲಾಗದ ಸ್ನಾಯು ಮೇಷ್ಟ್ರದಾದ್ದರಿಂದ ಸುಮ್ಮನಿರುವವರ ಗುಂಪಿನ ಒಂದು ವರ್ಷದ ಪತ್ರ ಅವರಿಗೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಕುರ್ಚಿರಾಯರಿಗೆ ನೆನಪಾಯಿತು. ಮೇಷ್ಟ್ರು ಆ ಪತ್ರವನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ತುದಿಯಲ್ಲಿ ಹಿಡಿದುಕೊಂಡಿದ್ದರು.

“ಹಾಗಾದ್ರೆ ನಾಳೆ ಬೆಳಿಗ್ಗೆ ಐದಕ್ಕೆ ಮೈದಾನವೇ ನನಗೆ?” ಎಂದರು ಕುರ್ಚಿರಾಯರು, ನೇಣುಗಂಬದ ಹತ್ತಿರ ನಿಂತವನ ದನಿಯಲ್ಲಿ.

“ಮೈದಾನ ಯಾಕೆ? ನೀವು ಇನ್ನೂ ಒಂದು ವರ್ಷ ವಿಶ್ರಾಂತಿ ತಗೋಬೇಕು” ಎಂದರು ಮೇಡಂ.

ಕುರ್ಚಿರಾಯರ ಜೀವ ಮರಳಿ ಬಂತು. ಪತ್ರ ಟೈಪಾಗಿ, ಮೊಹರು ಬಿದ್ದು ಕೈಗೆ ಬಂತು. ಓದಲು ಜೇಬು ತಡಕಿದರು, ಕನ್ನಡಕವಿರಲಿಲ್ಲ. ಹೆಂಡತಿಯೇ ಗಟ್ಟಿಯಾಗಿ ಓದಿದಳು:

‘ಸದರಿ ವ್ಯಕ್ತಿಯು ಒಂದು ವರ್ಷ ಕಾಲ ಕಳೆದ ಹನ್ನೆರಡು ವಾರ ಹೇಗೆ ವಿಶ್ರಾಂತಿ ಪಡೆದರೋ ಹಾಗೆಯೇ ಪಡೆಯತಕ್ಕದ್ದು. ಕುರ್ಚಿಯನ್ನು ಇದ್ದ ಜಾಗದಿಂದ ಕದಲಿಸತಕ್ಕದ್ದಲ್ಲ. ಉಳಿದ ವಸ್ತುಗಳ ಸ್ಥಾನವನ್ನು ಅವರ ಪತ್ನಿ ನಿರ್ಧರಿಸತಕ್ಕದ್ದು.’

ಮನೆಗೆ ಬಂದಾಗ ಸಂಜೆಯ ಬಿಸಿಲು ತಾರಸಿಯ ಮೇಲೆ ಉಳಿದಿತ್ತು. ಹೆಂಡತಿ ಮಂಚದ ಕೆಳಗಿನ ಬೂಟು ತೆಗೆದು ಮುಂದಿಟ್ಟಳು. ಚಪ್ಪಲಿಯಲ್ಲಿ ಹತ್ತಿದರೆ ಜಾರುತ್ತದೆ ರೀ, ಇನ್ನು ಮೇಲೆ ಇದರಲ್ಲೇ ವಿಶ್ರಾಂತಿಗೆ ಹೋಗಿ ಎಂದಳು. ಕುರ್ಚಿರಾಯರು ಬೂಟು ಕಟ್ಟಿಕೊಂಡು, ಎಪ್ಪತ್ತೆರಡನ್ನೂ ಹತ್ತಿ, ಕುರ್ಚಿಯಲ್ಲಿ ಕೂತರು. ಇನ್ನು ಇಳಿಯುವುದಿಲ್ಲ. ಟೀ ಆರಲಿ, ಫೋನು ಬಡಿದುಕೊಳ್ಳಲಿ. ತಾನು ವಿದ್ಯಾವಂತ ಮನುಷ್ಯ, ಈ ಪತ್ರದಲ್ಲಿ ಎಲ್ಲೋ ಒಂದು ಸಂದು ಇದ್ದೇ ಇರುತ್ತದೆ. ಒಂದೊಂದೇ ಅಕ್ಷರ ಹಿಡಿದು ಹುಡುಕಿದರಾಯಿತು.

ಪತ್ರ ಬಿಡಿಸಿ ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ಕೈಯನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿದರು. ಅಕ್ಷರಗಳು ಸಕ್ಕರೆ ಕಂಡ ಇರುವೆಗಳ ಹಾಗೆ ಸಾಲುಗಟ್ಟಿ ಹರಿದಾಡಿದವು.

ಕನ್ನಡಕ ಕೆಳಗಿತ್ತು. ಹತ್ತಿ ಬರುವಾಗಲೇ ಕಂಡಿದ್ದರು, ಖಾಲಿ ಬೂಟಿನ ಪೆಟ್ಟಿಗೆಯ ಮೇಲೆ, ಮಡಚಿ ನೀಟಾಗಿ ಇಟ್ಟಿತ್ತು.